ಎಣ್ಣೆ ಓಡದಿದ್ದರೆ ವೋಲ್ಟೇಜ್ ಏರಿಸಬೇಡಿ: ಇಎಚ್‌ಡಿ ಪಂಪಿನ ದೋಷ ಹುಡುಕುವ ಬಗೆ

ಜುಲೈ ತಿಂಗಳು. ಬೆಳಗಾವಿಯಲ್ಲಿ ನಾಲ್ಕು ದಿನದಿಂದ ಬಿಡದ ಮಳೆ. ಉದ್ಯಮಬಾಗದ ನಮ್ಮ ಶೆಡ್ಡಿಗೆ ಬೆಳಿಗ್ಗೆ ಬಂದಾಗ ಕಾಲೇಜಿನ ಇಬ್ಬರು ಹುಡುಗರು ಆಗಲೇ ಬೆಂಚಿನ ಮುಂದೆ ನಿಂತಿದ್ದರು. ಅವರ ಪ್ರಾಜೆಕ್ಟಿನ ಇಎಚ್‌ಡಿ (ಎಲೆಕ್ಟ್ರೋಹೈಡ್ರೋಡೈನಾಮಿಕ್, ಅಂದರೆ ವಿದ್ಯುತ್ ಬಲದಿಂದಲೇ ದ್ರವ ಓಡಿಸುವ) ಪಂಪ್ ನಮ್ಮಲ್ಲೇ ಇದೆ. ಗಾಜಿನ ಕೊಳವೆ, ಅದರೊಳಗೆ ಸ್ಟೀಲ್ ರಿಂಗುಗಳು, ತುಂಬಾ ಟ್ರಾನ್ಸ್‌ಫಾರ್ಮರ್ ಎಣ್ಣೆ. ಮೋಟಾರಿಲ್ಲ, ತಿರುಗುವ ಚಕ್ರವಿಲ್ಲ. ವೋಲ್ಟೇಜ್ ಕೊಟ್ಟರೆ ಎಣ್ಣೆ ತಾನೇ ಓಡಬೇಕು.

"ಅಣ್ಣಾರ, ಎಣ್ಣಿ ಮ್ಯಾಲ ಏರವಲ್ದರಿ. ಹನ್ನೊಂದು ಕಿಲೋವೋಲ್ಟ್ ಕೊಟ್ಟೇವಿ, ಆದ್ರೂ ಇಲ್ಲ."

"ಎಂಟರ ಮ್ಯಾಲ ಯಾಕ ಹೋದ್ರಿ? ಮೀಟರ್ ಏನ್ ತೋರಿಸ್ತು?"

ಮೀಟರ್ ಯಾರೂ ನೋಡಿರಲಿಲ್ಲ. ಹರಿವು ಕಮ್ಮಿ ಅಂತ ವೋಲ್ಟೇಜ್ ಏರಿಸಿದ್ದಾರೆ, ಒಳಗೆ ಚಟ್ ಚಟ್ ಸದ್ದು ಬಂದಿದೆ, ಹೆದರಿ ಆಫ್ ಮಾಡಿದ್ದಾರೆ. ಅವರನ್ನು ಬೈಯುವ ಹಾಗಿಲ್ಲ. ನೀರಿನ ಪಂಪ್ ನೋಡಿ ಬೆಳೆದ ನಮಗೆಲ್ಲ ಮೊದಲು ಹೊಳೆಯುವುದು ಅದೇ: ಎತ್ತದಿದ್ದರೆ ಇನ್ನಷ್ಟು ಜೋರು ಕೊಡು. ಈ ಪಂಪಿಗೆ ಆ ಬುದ್ಧಿ ನಡೆಯುವುದಿಲ್ಲ. ಇದರ ಕಾಯಿಲೆ ಗೊತ್ತಾಗುವುದು ಮೈಕ್ರೋ ಆಂಪಿಯರ್ ಲೆಕ್ಕದ ಪುಟ್ಟ ಕರೆಂಟಿನಲ್ಲಿ. ಆ ಸಲ ನಾವು ಒಂದರ ಹಿಂದೆ ಒಂದು ಮೂರು ದೋಷ ಹುಡುಕಿದೆವು. ಅದರ ಜೊತೆಗೆ ನಾನು ಬೇರೆ ಬೇರೆ ಸಲ ಕಂಡ ದೋಷಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಎಣ್ಣೆ ಓಡುವುದು ಯಾಕೆ?

ಇದು ಗೊತ್ತಿಲ್ಲದೆ ದೋಷ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ. ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ.

ಎಣ್ಣೆ ವಿದ್ಯುತ್ತನ್ನು ಹರಿಸುವುದಿಲ್ಲ ಅನ್ನುತ್ತೇವೆ. ಪೂರ್ತಿ ಹಾಗಲ್ಲ. ಅದರಲ್ಲಿ ಚೂರುಪಾರು ಕಲ್ಮಶ ಇದ್ದೇ ಇರುತ್ತದೆ. ಆ ಕಲ್ಮಶದ ಕೆಲವು ಅಣುಗಳು ಒಡೆದು ಪ್ಲಸ್ ಅಯಾನು, ಮೈನಸ್ ಅಯಾನು ಆಗುತ್ತವೆ, ಮತ್ತೆ ಕೂಡಿಕೊಳ್ಳುತ್ತವೆ. ವೋಲ್ಟೇಜ್ ಕೊಟ್ಟಾಗ ಪ್ಲಸ್ ರಿಂಗಿನ ಹತ್ತಿರ ಮೈನಸ್ ಅಯಾನುಗಳು ಗುಂಪು ಸೇರುತ್ತವೆ, ಮೈನಸ್ ರಿಂಗಿನ ಹತ್ತಿರ ಪ್ಲಸ್ ಅಯಾನುಗಳು. ರಿಂಗ್ ಈ ಗುಂಪನ್ನು ತನ್ನತ್ತ ಎಳೆಯುತ್ತದೆ, ಗುಂಪಿನ ಜೊತೆ ಎಣ್ಣೆಯೂ ಬರುತ್ತದೆ. ಎರಡೂ ರಿಂಗ್ ಒಂದೇ ಅಳತೆಯಿದ್ದರೆ ಎರಡೂ ಕಡೆ ಸಮ ಎಳೆತ, ಎಣ್ಣೆ ಅಲ್ಲಲ್ಲೇ ಸುತ್ತುತ್ತದೆ. ಒಂದನ್ನು ಅಗಲ, ಇನ್ನೊಂದನ್ನು ಸಣ್ಣದು ಮಾಡಿದರೆ ಹಗ್ಗಜಗ್ಗಾಟದಲ್ಲಿ ಅಗಲದ್ದು ಗೆಲ್ಲುತ್ತದೆ. ಎಣ್ಣೆ ಸಣ್ಣ ರಿಂಗಿನ ಕಡೆಯಿಂದ ಅಗಲ ರಿಂಗಿನ ಕಡೆಗೆ ಹರಿಯುತ್ತದೆ. ಇದಕ್ಕೆ ಕಂಡಕ್ಷನ್ ಪಂಪಿಂಗ್ ಅನ್ನುತ್ತಾರೆ. ಪಿಯರ್ ಆಟೆನ್ ಮತ್ತು ಜಮಾಲ್ ಸೈಯದ್ ಯಾಗೂಬಿ 2003ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದರು. 2017ರ ಫೆಬ್ರುವರಿಯಲ್ಲಿ ಇಂಥದ್ದೇ ಒಂದು ಪಂಪ್ ಪ್ರಯೋಗಕ್ಕೆಂದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೂ ಹೋಯಿತು. ತಿರುಗುವ ಭಾಗವೇ ಇಲ್ಲ, ಹಾಗಾಗಿ ಸವೆತವಿಲ್ಲ, ಅದುರುವುದಿಲ್ಲ. ಅಲ್ಲಿ ಅದು ದೊಡ್ಡ ಮಾತು.

ಇದರ ಅಣ್ಣ ಇನ್ನೊಬ್ಬನಿದ್ದಾನೆ: ಅಯಾನ್ ಡ್ರ್ಯಾಗ್ ಪಂಪ್. 1959-60ರಲ್ಲಿ ಓಟ್‌ಮಾರ್ ಸ್ಟುಟ್ಜರ್ ಇದರ ಮೇಲೆ ಕೆಲಸ ಮಾಡಿದರು. ಅಲ್ಲಿ ಚೂಪಾದ ಎಲೆಕ್ಟ್ರೋಡ್ ತಾನೇ ಎಣ್ಣೆಯೊಳಗೆ ಚಾರ್ಜ್ ಚುಚ್ಚುತ್ತದೆ. ಆ ಚಾರ್ಜ್ ಚೂಪಿನಿಂದ ದೂರ ಓಡುತ್ತದೆ, ಎಣ್ಣೆಯನ್ನೂ ದೂರ ತಳ್ಳುತ್ತದೆ. ಅಂದರೆ ಕಂಡಕ್ಷನ್ನಿನಲ್ಲಿ ಎಲೆಕ್ಟ್ರೋಡ್ ಎಣ್ಣೆಯನ್ನು ತನ್ನತ್ತ ಎಳೆಯುತ್ತದೆ, ಚುಚ್ಚಿದಾಗ ತನ್ನಿಂದ ದೂಡುತ್ತದೆ. ದಿಕ್ಕು ಉಲ್ಟಾ. ಇದೊಂದನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಂಪ್ ಚೆನ್ನಾಗಿದ್ದಾಗಿನ ಲೆಕ್ಕ ಬರೆದಿಡಿ

ನಮ್ಮ ಸೆಟ್ ಹೀಗಿದೆ. 12 ಮಿಲಿಮೀಟರ್ ಒಳವ್ಯಾಸದ ಕೊಳವೆ. ಎಂಟು ಜೋಡಿ ರಿಂಗ್. ಜೋಡಿಯೊಳಗಿನ ಅಂತರ 3 ಮಿಲಿಮೀಟರ್. ಅಗಲ ರಿಂಗುಗಳಿಗೆ ಹೈ ವೋಲ್ಟೇಜ್, ಸಣ್ಣವು ಅರ್ಥ್. ಒಂದು ಜೋಡಿಗೂ ಮುಂದಿನ ಜೋಡಿಗೂ ನಡುವೆ ಟೆಫ್ಲಾನ್ ಸ್ಪೇಸರ್ ಹಾಕಿ ಜಾಸ್ತಿ ಅಂತರ ಬಿಟ್ಟಿದ್ದೇವೆ. ಎಣ್ಣೆ ಸುಮಾರು ಒಂದು ಮೀಟರ್ ಸುತ್ತು ಹೊಡೆದು 30 ವ್ಯಾಟ್ ಹೀಟರ್ ಇರುವ ತಾಮ್ರದ ಪಟ್ಟಿಯನ್ನು ತಂಪು ಮಾಡುತ್ತದೆ.

ಕೊಳವೆಯ ಕೊನೆಗೆ ಒಂದು ವಾಲ್ವ್, ಪಕ್ಕದಲ್ಲಿ ಯು ಆಕಾರದ ಗಾಜಿನ ನಳಿಕೆ. ವಾಲ್ವ್ ಮುಚ್ಚಿ 8 ಕಿಲೋವೋಲ್ಟ್ ಕೊಟ್ಟರೆ ನಳಿಕೆಯಲ್ಲಿ ಎಣ್ಣೆ 14 ಮಿಲಿಮೀಟರ್ ಏರುತ್ತದೆ, ಅಂದರೆ ಸುಮಾರು 120 ಪಾಸ್ಕಲ್ ಒತ್ತಡ. ಆಗ ಕರೆಂಟ್ 1 ಮೈಕ್ರೋ ಆಂಪ್. ಲೆಕ್ಕ ಹಾಕಿ ನೋಡಿ: ಬರೀ 8 ಮಿಲಿವ್ಯಾಟ್. ಒಂದು ಸಣ್ಣ ಎಲ್‌ಇಡಿ ದೀಪ ಇದಕ್ಕಿಂತ ಜಾಸ್ತಿ ತಿನ್ನುತ್ತದೆ.

ಒತ್ತಡ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ 8ಕ್ಕೆ 14 ಮಿಲಿಮೀಟರ್ ಇದ್ದರೆ, 6ಕ್ಕೆ ಸುಮಾರು 8, 4ಕ್ಕೆ 3.5 ಬರಬೇಕು. ಈ ಮೂರು ಅಂಕಿ ನಮ್ಮ ಬೆಂಚಿನ ಮೇಲೆ ಪೇಂಟಿನಲ್ಲಿ ಬರೆದಿವೆ.

ವಾಲ್ವ್ ಮುಚ್ಚಿಯೇ ಅಳೆಯುವುದಕ್ಕೆ ಕಾರಣವಿದೆ. ಎಣ್ಣೆ ನಿಂತಿದ್ದಾಗ ಅದರ ಮಂದತನ ಲೆಕ್ಕಕ್ಕೆ ಬರುವುದಿಲ್ಲ. ಕೊಳವೆ ಕಟ್ಟಿರಲಿ, ಎಣ್ಣೆ ತಣ್ಣಗೆ ಗಟ್ಟಿಯಿರಲಿ, ಎತ್ತರ ಬದಲಾಗದು. ಅಂದರೆ ಆ ಎತ್ತರ ಬರೀ ಪಂಪಿನ ಸಂಗತಿ ಹೇಳುತ್ತದೆ. ಎತ್ತರ ಸರಿಯಿದ್ದು ಹರಿವು ಮಾತ್ರ ಕಮ್ಮಿಯಿದ್ದರೆ ಪಂಪ್ ಬಿಚ್ಚಲೇಬೇಡಿ, ಪೈಪಿನ ಕಡೆ ಹೋಗಿ.

ಇನ್ನು ಮೈಕ್ರೋ ಆಂಪ್ ಅಳೆಯುವುದು ಹೇಗೆ? ದುಬಾರಿ ಮೀಟರ್ ಬೇಡ. ಸಣ್ಣ ರಿಂಗುಗಳಿಂದ ಅರ್ಥ್‌ಗೆ ಹೋಗುವ ವೈರಿನಲ್ಲಿ ಒಂದು 1 ಮೆಗಾಓಮ್ ರೆಸಿಸ್ಟರ್ ಹಾಕಿ, ಅದರ ಎರಡು ತುದಿಗೆ ಸಾದಾ ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿ ಇಡಿ. ಮೀಟರಿನ ಒಳಗಿನ 10 ಮೆಗಾಓಮ್ ಕೂಡ ಪಕ್ಕಕ್ಕೆ ಸೇರುವುದರಿಂದ 1 ಮೈಕ್ರೋ ಆಂಪ್‌ಗೆ 0.91 ವೋಲ್ಟ್ ಬರುತ್ತದೆ. ರೆಸಿಸ್ಟರಿಗೆ ಅಡ್ಡಲಾಗಿ ಲೈನ್ ಟೆಸ್ಟರಿನೊಳಗಿನ ಪುಟ್ಟ ನಿಯಾನ್ ಬಲ್ಬು ಕೂಡಿಸಿ. ಇದನ್ನು ಬಿಡಲೇಬೇಡಿ. ಆ ರೆಸಿಸ್ಟರ್ ಎಂದಾದರೂ ಓಪನ್ ಆದರೆ ಅಷ್ಟೂ ವೋಲ್ಟೇಜ್ ಮೀಟರಿನ ಮೇಲೆ, ಮೀಟರ್ ಹಿಡಿದವರ ಮೇಲೆ ಬರಬಹುದು. ನಿಯಾನ್ ಸುಮಾರು 90 ವೋಲ್ಟಿಗೆ ಹೊತ್ತಿಕೊಂಡು ಅದನ್ನು ಅರ್ಥ್‌ಗೆ ದಾಟಿಸುತ್ತದೆ. ಸಪ್ಲೈ 1 ಮಿಲಿಆಂಪಿಗೆ ಕಟ್ಟಿಹಾಕಿದ್ದಾಗ ಮಾತ್ರ ಈ ಉಪಾಯ ಸಾಕಾಗುತ್ತದೆ.

ಕೈ ಹಾಕುವ ಮೊದಲು

ಹಳೆ ಟಿವಿಯ ಫ್ಲೈಬ್ಯಾಕ್ (ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಬಿಚ್ಚಿ ಸಪ್ಲೈ ಮಾಡಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಕರೆಂಟ್ ಮಿತಿ ಇರುವ, ಪೊಲಾರಿಟಿ (ಪ್ಲಸ್-ಮೈನಸ್) ಬದಲಿಸಲು ಬರುವ ಸಪ್ಲೈ ತಗೊಳ್ಳಿ. ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಒಂದು ನಿಮಿಷ ಕಾಯಿರಿ, ಅರ್ಥ್ ಕೋಲಿನಿಂದ ಹೈ ವೋಲ್ಟೇಜ್ ತುದಿ ಮುಟ್ಟಿಸಿ, ಕೋಲನ್ನು ಅಲ್ಲೇ ನೇತುಹಾಕಿ, ಆಮೇಲೆ ಕೈ ಹಾಕಿ. ಒಬ್ಬರೇ ಇದ್ದಾಗ ಆನ್ ಮಾಡಬೇಡಿ.

ಎಣ್ಣೆಯ ಬಗ್ಗೆಯೂ ಒಂದು ಮಾತು. ಎಲ್ಲಿಂದ ಬಂತು ಅಂತ ಗೊತ್ತಿಲ್ಲದ, ತುಂಬಾ ಹಳೆ ಟಿಸಿಯ (ಕರೆಂಟ್ ಟ್ರಾನ್ಸ್‌ಫಾರ್ಮರಿನ) ಎಣ್ಣೆ ತರಬೇಡಿ. ಅದರಲ್ಲಿ ಪಿಸಿಬಿ ಅನ್ನುವ ವಿಷ ಇರಬಹುದು.

ಎತ್ತರ ಮತ್ತು ಕರೆಂಟ್ ಜೊತೆಗೆ ಓದಿ

ಎತ್ತರ ಒಂದನ್ನೇ ನೋಡಿದರೆ ಏನೂ ಗೊತ್ತಾಗದು. ಕರೆಂಟಿನ ಜೊತೆ ಇಟ್ಟು ನೋಡಿ.

ಎತ್ತರವೂ ಇಲ್ಲ, ಕರೆಂಟೂ ಸೊನ್ನೆ ಅಂದರೆ ವೋಲ್ಟೇಜ್ ರಿಂಗಿಗೆ ಮುಟ್ಟಿಯೇ ಇಲ್ಲ. ಸಪ್ಲೈ ಆಫ್ ಮಾಡಿ, ಅರ್ಥ್ ಮಾಡಿ, ವೈರ್ ಕಂಟಿನ್ಯೂಟಿ ನೋಡಿ. ನಮ್ಮಲ್ಲಿ ಎರಡು ಸಲ ಅರಾಲ್ಡೈಟ್ ಹಾಕಿದ ಜಾಗದಲ್ಲೇ ವೈರ್ ಒಳಗೊಳಗೆ ಮುರಿದಿತ್ತು. ಹೊರಗೆ ನೋಡಿದರೆ ಗಟ್ಟಿಯಾಗಿಯೇ ಕಾಣುತ್ತದೆ.

ಕರೆಂಟ್ ಸರಿಸುಮಾರು ಎಂದಿನಷ್ಟೇ ಇದ್ದು ಎತ್ತರ ಕಮ್ಮಿಯಿದ್ದರೆ ಎಷ್ಟು ಕಮ್ಮಿ ಅಂತ ಲೆಕ್ಕ ಹಾಕಿ. ಎಂಟರಲ್ಲಿ ಒಂದು ಜೋಡಿ ಸತ್ತರೆ 14 ಹೋಗಿ 12 ಚಿಲ್ಲರೆ ಆಗುತ್ತದೆ, ಕರೆಂಟೂ ಅಷ್ಟೇ ಪಾಲು ಇಳಿಯುತ್ತದೆ. ಒಂದು ಜೋಡಿ ಉಲ್ಟಾ ಕೂತಿದ್ದರೆ ಏಳು ಮುಂದೆ, ಒಂದು ಹಿಂದೆ, ಉಳಿದದ್ದು ಆರರ ಕೆಲಸ. ಎತ್ತರ 10.5ಕ್ಕೆ ಬರುತ್ತದೆ, ಆದರೆ ಕರೆಂಟ್ ಇಳಿಯುವುದಿಲ್ಲ. ಬಿಚ್ಚಿ ತೊಳೆದು ಮತ್ತೆ ಜೋಡಿಸಿದ ಮರುದಿನ ಈ ದೋಷ ಕಂಡರೆ ಬೇರೇನೂ ಹುಡುಕಬೇಡಿ, ಜೋಡಣೆಯನ್ನೇ ನೋಡಿ. ಸ್ಪೇಸರ್ ಅದಲುಬದಲಾದರೂ ಹೀಗೇ. ಜೋಡಿಗಳ ನಡುವಿನ ಅಂತರ ಕಮ್ಮಿಯಾದರೆ ಒಂದು ಜೋಡಿಯ ಅಗಲ ರಿಂಗ್ ಮುಂದಿನ ಜೋಡಿಯ ಸಣ್ಣ ರಿಂಗಿನ ಜೊತೆ ಸೇರಿ ಹಿಂದಕ್ಕೆ ಎಳೆಯತೊಡಗುತ್ತದೆ.

ಕರೆಂಟ್ ಜಾಸ್ತಿ, ಎತ್ತರ ಕಮ್ಮಿ. ಮಳೆಗಾಲದಲ್ಲಿ ಬರುವ ದೋಷ ಮುಖ್ಯವಾಗಿ ಇದೇ. ಆ ದಿನವೂ ಇದೇ ಇತ್ತು. ವೋಲ್ಟೇಜನ್ನು 8ಕ್ಕೆ ಇಳಿಸಿ ಓದಿದೆವು: 6 ಮೈಕ್ರೋ ಆಂಪ್, ಎತ್ತರ 5 ಮಿಲಿಮೀಟರ್.

ಆ ಆರು ಮೈಕ್ರೋ ಆಂಪ್ ಎಲ್ಲಿ ಹೋಗುತ್ತಿತ್ತು?

ಮೊದಲ ಪ್ರಶ್ನೆ: ಈ ಕರೆಂಟ್ ಎಣ್ಣೆಯೊಳಗಿಂದ ಹೋಗುತ್ತಿದೆಯೋ, ಹೊರಗಿನ ಗಾಜಿನ ಮೇಲಿಂದಲೋ?

ಉದ್ಯಮಬಾಗದಲ್ಲಿ ಸುತ್ತಮುತ್ತ ಫೌಂಡ್ರಿಗಳಿವೆ. ಎರಕದ ಧೂಳು, ಕಬ್ಬಿಣದ ನುಣುಪು ಪುಡಿ ಎಲ್ಲದರ ಮೇಲೂ ಕೂರುತ್ತದೆ. ಬೇಸಿಗೆಯಲ್ಲಿ ಅದು ಸುಮ್ನೆ ಧೂಳು. ಮಳೆಗಾಲದ ತೇವ ಹೀರಿತೆಂದರೆ ಅದೇ ಧೂಳು ಗಾಜಿನ ಮೇಲೆ ಕರೆಂಟಿಗೆ ದಾರಿ ಮಾಡಿಕೊಡುತ್ತದೆ.

ಇದನ್ನು ಪತ್ತೆ ಮಾಡಲು ಗಾರ್ಡ್ ಕಟ್ಟಬೇಕು. ಹೈ ವೋಲ್ಟೇಜ್ ಟರ್ಮಿನಲ್ಲಿಗೂ ಅರ್ಥ್ ಟರ್ಮಿನಲ್ಲಿಗೂ ನಡುವೆ, ಅರ್ಥ್ ಕಡೆಗೆ ಹತ್ತಿರವಾಗಿ, ಗಾಜಿನ ಹೊರಮೈಗೆ ಬರಿ ತಾಮ್ರದ ವೈರನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ. ಅದನ್ನು ರೆಸಿಸ್ಟರಿನ ಮೂಲಕ ಅಲ್ಲದೆ ನೇರ ಅರ್ಥ್‌ಗೆ ಕೊಡಿ. ಈಗ ಗಾಜಿನ ಮೇಲಿಂದ ಬರುವ ಕರೆಂಟ್ ಮೀಟರ್ ತನಕ ಬರದೆ ನಡುವೆಯೇ ಅರ್ಥ್ ಸೇರುತ್ತದೆ. ಮೀಟರಿನಲ್ಲಿ ಉಳಿದದ್ದು ಎಣ್ಣೆಯ ಕರೆಂಟ್.

ಗಾರ್ಡ್ ಕಟ್ಟಿ ಆನ್ ಮಾಡಿದೆವು. 6 ಇದ್ದದ್ದು 2.5ಕ್ಕೆ ಬಂತು. ಅಂದರೆ 3.5 ಮೈಕ್ರೋ ಆಂಪ್ ಬರೀ ಹೊರಗಿನ ಧೂಳಿನ ಮೇಲೆ ಓಡುತ್ತಿತ್ತು! ಗಾಜನ್ನು ಐಪಿಎಯಲ್ಲಿ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ ಹೇರ್ ಡ್ರೈಯರಿನಲ್ಲಿ ಒಣಗಿಸಿದ ಮೇಲೆ ಗಾರ್ಡ್ ಇಲ್ಲದೆಯೂ 2.5 ಬಂತು. ಎತ್ತರ ಮಾತ್ರ ಇನ್ನೂ 5 ಮಿಲಿಮೀಟರ್. ಹೊರಗಿನ ಲೀಕೇಜ್ ಪಂಪಿನ ಬಲ ತಿನ್ನುವುದಿಲ್ಲ, ನಮ್ಮ ಕಣ್ಣು ತಪ್ಪಿಸುತ್ತದೆ ಅಷ್ಟೇ. ನಿಜವಾದ ತೊಂದರೆ ಒಳಗಿತ್ತು.

ಇಲ್ಲಿ ಹುಡುಗರಲ್ಲಿ ಒಬ್ಬ ಒಳ್ಳೆ ಮಾತು ಹೇಳಿದ. "ಮುಂಜಾನಿ ಭಾಳ ಕಾಟ ಕೊಡ್ತದರಿ. ಹೀಟರ್ ಹಾಕಿ ಎರಡು ತಾಸಾದ್ಮ್ಯಾಲ ಸ್ವಲ್ಪ ಸುಧಾರಿಸ್ತದ." ಇದನ್ನು ಕೇಳಿದ ಕೂಡಲೇ ನನ್ನ ಗುಮಾನಿ ನೀರಿನ ಮೇಲೆ ಹೋಯಿತು. ಮಿನರಲ್ ಎಣ್ಣೆ ಕೋಣೆಯ ಬಿಸಿಗೆ ಹತ್ತು ಲಕ್ಷ ಪಾಲಿಗೆ ಸುಮಾರು 50-60 ಪಾಲು ನೀರನ್ನು ಕರಗಿಸಿಕೊಳ್ಳುತ್ತದೆ. 60 ಡಿಗ್ರಿಗೆ ಮೂರು-ನಾಲ್ಕು ಪಟ್ಟು ಜಾಸ್ತಿ. ಹಗಲು ಬಿಸಿಯಾದ ಎಣ್ಣೆ ತೇವ ಕುಡಿಯುತ್ತದೆ. ರಾತ್ರಿ ತಣ್ಣಗಾದಾಗ ಹಿಡಿದಿಡಲು ಆಗದೆ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಬಿಡುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ಆ ಹನಿಗಳು ಇನ್ನೂ ಹಾಗೇ ಇರುತ್ತವೆ.

ತೇವ ಬಂದದ್ದು ಎಲ್ಲಿಂದ? ಮೇಲಿನ ಎಕ್ಸ್‌ಪಾನ್ಷನ್ ಡಬ್ಬಿಯ ಬ್ರೀದರ್ ನೋಡಿದೆವು. ಟಿಸಿಗಳಲ್ಲಿ ಇರುವಂಥದ್ದೇ ಗಾಜಿನ ಬಟ್ಟಲು, ಒಳಗೆ ಬರುವ ಗಾಳಿಯ ತೇವ ಹೀರುವ ಸಿಲಿಕಾ ಜೆಲ್. ನೀಲಿ ಇರಬೇಕಾದದ್ದು ತೇವ ಕುಡಿದು ತಳದಿಂದ ಬಾಯಿ ತನಕ ಗುಲಾಬಿ. ಒಂದು ಕಾಳೂ ನೀಲಿ ಉಳಿದಿರಲಿಲ್ಲ.

ಖಾತ್ರಿ ಮಾಡಿಕೊಳ್ಳಲು ಸುಲಭದ ಪರೀಕ್ಷೆ ಇದೆ. ಬೆಂಕಿಯಿಲ್ಲದ ಹಾಟ್ ಪ್ಲೇಟಿನ ಮೇಲೆ ನಾಲ್ಕೈದು ಹನಿ ಎಣ್ಣೆ ಬಿಡಿ, ಜಾಸ್ತಿ ಬೇಡ. ಒಗ್ಗರಣೆಗೆ ತೊಳೆದ ಕರಿಬೇವು ಹಾಕಿದಾಗಿನ ಹಾಗೆ ಚಟಪಟ ಅಂದರೆ ನೀರಿದೆ. ಆದರೆ ಸುಮ್ಮನಿದ್ದರೆ ನೀರಿಲ್ಲ ಅಂತ ತಿಳಿಯಬೇಡಿ. ಈ ಪರೀಕ್ಷೆ ಜಾಸ್ತಿ ನೀರನ್ನಷ್ಟೇ ಹಿಡಿಯುತ್ತದೆ. ಸರಿಯಾದ ಉತ್ತರ ಬೇಕಿದ್ದರೆ ಬಿಡಿವಿ ಟೆಸ್ಟ್ (ಎಣ್ಣೆ ಎಷ್ಟು ವೋಲ್ಟೇಜ್ ತನಕ ಸಿಡಿಯದೆ ತಡೆಯುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯ ಭಾರತೀಯ ಮಾನಕ ಐಎಸ್ 335 ಪ್ರಕಾರ ಹೊಸ ಎಣ್ಣೆ 2.5 ಮಿಲಿಮೀಟರ್ ಅಂತರಕ್ಕೆ ಬಂದ ಸ್ಥಿತಿಯಲ್ಲೇ ಕನಿಷ್ಠ 30 ಕಿಲೋವೋಲ್ಟ್, ಫಿಲ್ಟರ್ ಮಾಡಿದ ಮೇಲೆ 70 ತಡೆಯಬೇಕು.

ನಮ್ಮ ಎಣ್ಣೆ ಚಟಪಟ ಅಂದಿತು.

ಆದರೂ ನೀರಷ್ಟೇ ಆಗಿದ್ದರೆ ಎತ್ತರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ ಅಂತ ನನಗೆ ಅನಿಸಲಿಲ್ಲ. ಶೆಡ್ಡಿನ ಲೈಟ್ ಆರಿಸಿ, ಕೊಳವೆಯ ಹಿಂದಿನಿಂದ ಟಾರ್ಚ್ ಹಿಡಿದು, ಸ್ವಲ್ಪ ದೂರ ನಿಂತು ನೋಡಿದೆವು. ವೋಲ್ಟೇಜ್ ಸೊನ್ನೆಯಿದ್ದಾಗ ಎಣ್ಣೆಯಲ್ಲಿ ಕೂದಲಿಗಿಂತ ತೆಳ್ಳನೆಯ ಎಳೆಗಳು ಅಡ್ಡಾದಿಡ್ಡಿ ತೇಲುತ್ತಿದ್ದವು. 3 ಕಿಲೋವೋಲ್ಟ್ ದಾಟಿದಾಗ ಅವು ಒಂದೊಂದಾಗಿ ನೆಟ್ಟಗಾದವು. 5ಕ್ಕೆ ಬರುವಷ್ಟರಲ್ಲಿ ಮೂರನೇ ಜೋಡಿಯ ಎರಡು ರಿಂಗುಗಳ ನಡುವೆ ಒಂದರ ಬಾಲಕ್ಕೆ ಒಂದು ಅಂಟಿಕೊಂಡು ಸೇತುವೆ ಆಯಿತು. ಹುಡುಗ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಅದೇ ಕ್ಷಣ ಮೀಟರಿನ ಅಂಕಿ ಮೇಲಕ್ಕೆ ಜಿಗಿಯಿತು. ಆರನೇ ಜೋಡಿಯಲ್ಲೂ ಅಂಥದ್ದೇ ಇನ್ನೊಂದು ಸೇತುವೆ.

ಅವು ಬನಿಯನ್ ವೇಸ್ಟಿನ ನೂಲು. ಹಿಂದಿನ ವಾರ ಕೊಳವೆಯ ಒಳಗೆ ಅದರಲ್ಲೇ ಒರೆಸಿದ್ದರು. ಒಣ ನೂಲು ಅಷ್ಟು ಕೆಡುಕಲ್ಲ. ನೀರು ಕುಡಿದ ನೂಲು ವಿದ್ಯುತ್ ಕ್ಷೇತ್ರ ಜೋರಿರುವ ಕಡೆಗೆ ತಾನಾಗಿ ಎಳೆಯಲ್ಪಡುತ್ತದೆ, ಕ್ಷೇತ್ರದ ಗೆರೆಗುಂಟ ನೆಟ್ಟಗೆ ನಿಲ್ಲುತ್ತದೆ. ಡಿಸಿಯಲ್ಲಿ ಈ ಸೇತುವೆ ಇನ್ನೂ ಸಲೀಸಾಗಿ ಕಟ್ಟಿಕೊಳ್ಳುತ್ತದೆ. ವೋಲ್ಟೇಜ್ ಏರಿಸಿದಷ್ಟೂ ಸೇತುವೆ ಗಟ್ಟಿ. ಹನ್ನೊಂದಕ್ಕೆ ಏರಿಸಿದಾಗ ಏನಾಗಿರಬೇಕು ಅಂತ ಹುಡುಗರಿಗೆ ಆಗ ಗೊತ್ತಾಯಿತು.

ಎಣ್ಣೆ ಪೂರ್ತಿ ಇಳಿಸಿ, ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ, ವ್ಯಾಕ್ಯೂಮ್ ಪಂಪ್ ಹಚ್ಚಿ 60 ಡಿಗ್ರಿ ಬಿಸಿಯಲ್ಲಿ ಇಡೀ ಮಧ್ಯಾಹ್ನ ಒಣಗಿಸಿದೆವು. ಕೊಳವೆಯನ್ನು ನೂಲು ಬಿಡದ ಬಟ್ಟೆಯಿಂದ ಒರೆಸಿದೆವು. ಸಿಲಿಕಾ ಜೆಲ್ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಅದರಲ್ಲಿ ಕೋಬಾಲ್ಟ್ ಇದೆ. ಮನೆಯ ಬಾಣಲೆಗೆ ಹಾಕಬೇಡಿ.

ಚಟ್ ಚಟ್ ಸದ್ದು ಬಂದರೆ

ಕರೆಂಟ್ ನಿಲ್ಲದೆ ಕುಣಿಯುತ್ತಿದ್ದರೆ, ಕಿವಿಗೆ ಚಟ್ ಅನ್ನುವ ಸದ್ದು ಬಿದ್ದರೆ, ಕತ್ತಲಲ್ಲಿ ನೀಲಿ ಚುಕ್ಕೆ ಕಂಡರೆ ಕೂಡಲೇ ಇಳಿಸಿ. ನೂಲಿನ ಸೇತುವೆ ಇಲ್ಲವಾದರೆ ಗಾಳಿಗುಳ್ಳೆ ಇರಬೇಕು. ಗುಳ್ಳೆಯೊಳಗೆ ಕ್ಷೇತ್ರ ಸುತ್ತಲಿನ ಎಣ್ಣೆಗಿಂತ ಜೋರು, ಗಾಳಿ ತಡೆಯುವುದೋ ಎಣ್ಣೆಗಿಂತ ಬಹಳ ಕಮ್ಮಿ, ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್. ಹಾಗಾಗಿ ಗುಳ್ಳೆ ಮೊದಲು ಸಿಡಿಯುತ್ತದೆ, ಪಕ್ಕದ ಎಣ್ಣೆಯನ್ನು ಸುಟ್ಟು ಮಸಿ ಮಾಡುತ್ತದೆ. ಎಣ್ಣೆ ತುಂಬಿದ ಮೇಲೆ ಒಂದು ರಾತ್ರಿ ಸುಮ್ಮನೆ ಬಿಡಿ, ಕೊಳವೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ ಗುಳ್ಳೆ ಮೇಲಕ್ಕೆ ಬರಿಸಿ.

ವೋಲ್ಟೇಜ್ ಏರಿದಾಗ ಬಲ ಕುಗ್ಗಿದರೆ, ಇಲ್ಲಾ ಹಿಂದಕ್ಕೆ ಓಡಿದರೆ

ಒಣಗಿಸಿದ ಎಣ್ಣೆ ತುಂಬಿ ಮರುದಿನ ಆನ್ ಮಾಡಿದೆವು. 4 ಕಿಲೋವೋಲ್ಟಿಗೆ 3.5 ಮಿಲಿಮೀಟರ್. ಸರಿ. 6ಕ್ಕೆ ಬರೀ 7. ಸ್ವಲ್ಪ ಕಮ್ಮಿ. 8ಕ್ಕೆ 10.5, 14 ಅಲ್ಲ. ಕರೆಂಟ್ ಮಾತ್ರ 6ರ ತನಕ ಸೀದಾ ಏರಿ, ಆಮೇಲೆ ಥಟ್ಟನೆ ಕಡಿದಾಗಿ ಏರಿತು.

ಜೋಡಿ ಉಲ್ಟಾ ಕೂತಿದ್ದರೆ ಎಲ್ಲ ವೋಲ್ಟೇಜಿನಲ್ಲೂ ಅದೇ ಪಾಲು ಕಮ್ಮಿಯಾಗಬೇಕಿತ್ತು. ಇಲ್ಲಿ ಕೆಳಗೆ ಸರಿ, ಮೇಲೆ ತಪ್ಪು. ಇದು ಚಾರ್ಜ್ ಚುಚ್ಚುವಿಕೆಯ ಗುರುತು. ಯಾವುದೋ ರಿಂಗ್ ಚೂಪಾಗಿ, ಎಳೆಯುವ ಬದಲು ದೂಡತೊಡಗಿದೆ.

ಗಟ್ಟಿ ಮಾಡಿಕೊಳ್ಳಲು ಪೊಲಾರಿಟಿ ಬದಲಿಸಿ ನೋಡಿ. ಕಂಡಕ್ಷನ್ ಪಂಪಿಗೆ ಅಗಲ ರಿಂಗ್ ಪ್ಲಸ್ ಆದರೇನು, ಮೈನಸ್ ಆದರೇನು, ಎಣ್ಣೆ ಅದರ ಕಡೆಗೇ ಹರಿಯುತ್ತದೆ, ಎತ್ತರವೂ ಹೆಚ್ಚುಕಮ್ಮಿ ಅಷ್ಟೇ. ಚುಚ್ಚುವ ರಿಂಗಿಗೆ ಹಾಗಲ್ಲ, ಪ್ಲಸ್‌ನಲ್ಲಿ ಒಂದು ರೀತಿ, ಮೈನಸ್‌ನಲ್ಲಿ ಇನ್ನೊಂದು ರೀತಿ. ನಮ್ಮದರಲ್ಲಿ ಪ್ಲಸ್‌ಗೆ 10.5 ಇದ್ದದ್ದು ಮೈನಸ್‌ಗೆ 8.5 ಬಂತು. ಸಂಶಯ ಉಳಿಯಲಿಲ್ಲ.

ಬಿಚ್ಚಿ ಒಂದೊಂದೇ ಅಗಲ ರಿಂಗನ್ನು ಲೆನ್ಸ್ ಕೆಳಗೆ ಇಟ್ಟೆವು. ಮೂರನೇ ಜೋಡಿ, ನೂಲು ಸೇತುವೆ ಕಟ್ಟಿದ್ದ ಅದೇ ಜಾಗ. ರಿಂಗಿನ ಅಂಚಿನಲ್ಲಿ ಸಾಸಿವೆಯ ಕಾಲು ಭಾಗದಷ್ಟು ಗುಳಿ, ಅದರ ಸುತ್ತ ಕರಗಿ ಎದ್ದು ನಿಂತ ತುದಿ. ಉಗುರಿಗೆ ತಾಗುತ್ತಿತ್ತು. ಹನ್ನೊಂದು ಕಿಲೋವೋಲ್ಟಿನಲ್ಲಿ ಸಿಡಿದ ಕಿಡಿ ಮಾಡಿದ ಗಾಯ ಅದು. ನೀರು, ನೂಲು ಎರಡೂ ಮೊದಲೇ ಇದ್ದ ದೋಷ. ಈ ಮೂರನೆಯದು ಮಾತ್ರ ವೋಲ್ಟೇಜ್ ಏರಿಸಿದ್ದರಿಂದ ಹುಟ್ಟಿದ್ದು.

ರಿಂಗನ್ನು ಲೇತಿಗೆ ಹಾಕಿ ಅಂಚು ದುಂಡಗೆ ಮಾಡಿ, ಸಣ್ಣ ಎಮರಿಯಿಂದ ಕನ್ನಡಿಯ ಹಾಗೆ ಉಜ್ಜಿದೆವು. ಹೊಸ ರಿಂಗಿನಲ್ಲೂ ಬರ್ (ಅಂಚಿನಲ್ಲಿ ಎದ್ದ ಚೂಪು ತುದಿ) ಉಳಿದಿದ್ದರೆ ಇದೇ ತೊಂದರೆ ಬರುತ್ತದೆ. ಹತ್ತಿಯ ತುಂಡನ್ನು ಅಂಚಿನ ಸುತ್ತ ಸವರಿ, ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬರ್ ಇದೆ. ಆಮೇಲೆ ರಿಂಗನ್ನು ಚೆನ್ನಾಗಿ ತೊಳೆಯಲು ಮರೆಯಬೇಡಿ, ಹತ್ತಿಯ ಎಳೆಯೂ ನೂಲೇ.

ರಿಂಗಿಗೆ ಬರಿ ತಾಮ್ರ ಬಳಸಬೇಡಿ ಅನ್ನುವುದು ನನ್ನ ಸಲಹೆ. ಕೆಲವು ಎಣ್ಣೆಯ ಗಂಧಕ ತಾಮ್ರಕ್ಕೆ ಹತ್ತಿ ಕಪ್ಪು ಪೊರೆ ಕಟ್ಟುತ್ತದೆ, ವಾರಗಳ ಮೇಲೆ ಪಂಪ್ ಮೆಲ್ಲಗೆ ಸೋಲುತ್ತಾ ಬರುತ್ತದೆ. ಸ್ಟೀಲ್ ಒಳ್ಳೆಯದು.

ಎಣ್ಣೆ ಜಾಸ್ತಿ ಶುದ್ಧವಾದರೂ ಕಷ್ಟ

ಇದನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಹಿಂದೊಮ್ಮೆ ಹೊಸ ಡ್ರಮ್ ಒಡೆದು, ಫಿಲ್ಟರ್ ಮಾಡಿ, ಒಣಗಿಸಿ, ಬಿಡಿವಿ ಚೆನ್ನಾಗಿದೆ ಅಂತ ಖುಷಿಯಿಂದ ತುಂಬಿದ್ದೆ. ಪಂಪ್ ಏಳಲೇ ಇಲ್ಲ. ಕರೆಂಟ್ ಮೀಟರಿನಲ್ಲಿ ಕಾಣುವಷ್ಟೂ ಇರಲಿಲ್ಲ. ವೈರ್ ಮುರಿದಿದೆ ಅಂತ ಎರಡು ದಿನ ಹುಡುಕಿದೆ. ವೈರ್ ಸರಿಯಾಗಿಯೇ ಇತ್ತು.

ಆಮೇಲೆ ಹೊಳೆಯಿತು. ಎಳೆಯಲು ಅಯಾನು ಬೇಕು. ಅಯಾನು ಬರುವುದು ಕಲ್ಮಶದಿಂದ. ಟ್ರಾನ್ಸ್‌ಫಾರ್ಮರಿಗೆ ಅತ್ಯುತ್ತಮವಾದ ಎಣ್ಣೆ ಈ ಪಂಪಿಗೆ ಅತ್ಯುತ್ತಮ ಅಲ್ಲ. ಬಿಡಿವಿ ಟೆಸ್ಟ್ ಎಣ್ಣೆ ಎಷ್ಟು ತಡೆಯುತ್ತದೆ ಅಂತ ಹೇಳುತ್ತದೆ, ಅದರಲ್ಲಿ ಅಯಾನು ಎಷ್ಟಿವೆ ಅಂತ ಹೇಳುವುದಿಲ್ಲ. ಅದಕ್ಕೆ ರೆಸಿಸ್ಟಿವಿಟಿ ಅಥವಾ ಟ್ಯಾನ್ ಡೆಲ್ಟಾ ಟೆಸ್ಟ್ ಮಾಡಿಸಬೇಕು. ನಾವು ಈಗ ಮೂಲ ಗೊತ್ತಿರುವ, ಸ್ವಲ್ಪ ಕಾಲ ದುಡಿದ ಎಣ್ಣೆಯನ್ನು ಸೋಸಿ, ಒಣಗಿಸಿ ಬಳಸುತ್ತೇವೆ. ನೀರು ಬೇಡ, ನೂಲು ಬೇಡ, ಎಣ್ಣೆ ಹಣ್ಣಾಗಿ ಬಂದ ಒಂದಿಷ್ಟು ಅಯಾನು ಬೇಕು.

ಕರೆಂಟ್ ಸೊನ್ನೆಗೆ ಹತ್ತಿರ, ವೈರ್ ಸರಿ, ಎಣ್ಣೆ ಹೊಸದು. ಈ ಮೂರೂ ಕೂಡಿ ಬಂದರೆ ಬೇರೆ ಕಡೆ ಹುಡುಕಬೇಡಿ. ಎಣ್ಣೆಯನ್ನು 45-50 ಡಿಗ್ರಿಗೆ ಬಿಸಿ ಮಾಡಿ ನೋಡಿ. ಬಿಸಿಗೆ ಅಯಾನು ಹೆಚ್ಚುತ್ತವೆ, ಓಡಾಟವೂ ಚುರುಕಾಗುತ್ತದೆ. ಆಗ ಎತ್ತರ ಬಂದರೆ ಉತ್ತರ ಸಿಕ್ಕಿತು.

ಪಂಪ್ ಸರಿ, ತಂಪು ಮಾತ್ರ ಆಗುತ್ತಿಲ್ಲ

ವಾಲ್ವ್ ಮುಚ್ಚಿದಾಗ 14 ಬಂದು, ತೆರೆದಾಗ ತಾಮ್ರದ ಪಟ್ಟಿ ಸುಡುತ್ತಿದ್ದರೆ ಕೊಳವೆಯ ಅತಿ ಎತ್ತರದ ಬಾಗು ನೋಡಿ. ಅಲ್ಲಿ ಗಾಳಿ ಕೂತಿರುತ್ತದೆ. 120 ಪಾಸ್ಕಲ್ ಅಂದರೆ ಹದಿನಾಲ್ಕೇ ಮಿಲಿಮೀಟರ್ ಎಣ್ಣೆ. ಬೆರಳಿನಷ್ಟು ಅಗಲದ ಗಾಳಿಯೂ ಇದಕ್ಕೆ ಬೆಟ್ಟ. ಬಾಗಿನ ಮೇಲೊಂದು ಸಣ್ಣ ಬ್ಲೀಡ್ ಸ್ಕ್ರೂ ಇರಲಿ.

ನಮ್ಮಲ್ಲಿ ಸರಿಯಾಗಿ ಓಡುವಾಗ ಹೀಟರಿನ ಮೊದಲು ಮತ್ತು ನಂತರದ ಎಣ್ಣೆಗೆ 5 ಡಿಗ್ರಿ ಆಸುಪಾಸು ವ್ಯತ್ಯಾಸ ಇರುತ್ತದೆ. 15-20 ಕಂಡರೆ ಹರಿವು ಕಮ್ಮಿ. ಒಮ್ಮೆ 3, ಒಮ್ಮೆ 40 ಅಂತ ಕುಣಿದರೆ ಅದು ಎಣ್ಣೆಯಲ್ಲ, ಥರ್ಮೋಕಪಲ್ ವೈರ್ ಹೈ ವೋಲ್ಟೇಜ್ ವೈರಿನ ಪಕ್ಕ ಹಾದುಹೋಗಿದೆ. ಸಪ್ಲೈ ಆಫ್ ಮಾಡಿದ ಕೂಡಲೇ ಅಂಕಿ ನೆಟ್ಟಗಾದರೆ ಅದೇ ಕಾರಣ. ವೈರ್ ದೂರ ಸರಿಸಿ, ಕವಚವನ್ನು ಅರ್ಥ್ ಮಾಡಿ.

ಉಜ್ಜಿದ ರಿಂಗ್ ಹಾಕಿ ಮತ್ತೆ ಜೋಡಿಸಿದ ದಿನವೂ ಮಳೆ ಬಿಟ್ಟಿರಲಿಲ್ಲ. ಈ ಸಲ ಹುಡುಗ ಮೊದಲು ಮೀಟರ್ ಆನ್ ಮಾಡಿದ, ಆಮೇಲೆ ಸಪ್ಲೈಗೆ ಕೈ ಹಾಕಿದ. 4ಕ್ಕೆ 3.5. 6ಕ್ಕೆ 8. 8 ಕಿಲೋವೋಲ್ಟಿಗೆ ನಳಿಕೆಯಲ್ಲಿ ಎಣ್ಣೆ ಮೆಲ್ಲಗೆ ಏರಿ 14ರ ಗೆರೆಗೆ ಒಂದು ಕೂದಲೆಳೆ ಕೆಳಗೆ ನಿಂತಿತು. ಮೀಟರ್ 1.0 ವೋಲ್ಟ್, ಅಂದರೆ 1.1 ಮೈಕ್ರೋ ಆಂಪ್. ಪೊಲಾರಿಟಿ ಬದಲಿಸಿದ. ಎಣ್ಣೆ ಒಮ್ಮೆ ತಗ್ಗಿ, ಮತ್ತೆ ಅಲ್ಲೇ ಬಂದು ನಿಂತಿತು.